ಪಟ್ಟಿಯಲ್ಲಿ ಇಲ್ಲದವರು

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಕಡೆಯ ಹೆಂಗಸರು ಹೇಳುವ ಸುದ್ದಿಗಳು ಹೆಚ್ಚುಕಡಿಮೆ ಒಂದೇ ತರಹ. ನಯಾಗರ, ಮೊಣಕಾಲುದ್ದದ ಹಿಮ, ಪಾತ್ರೆ ತೊಳೆಯುವ ಯಂತ್ರ, ಅಳಿಯ ತಾನೇ ಅನ್ನಕ್ಕಿಟ್ಟು ಸಾರು ಕುದಿಸುತ್ತಾನೆಂಬ ಬೆರಗು. ನಾನೂ ಇವೆಲ್ಲ ನೋಡಿದೆ, ನಯಾಗರವೊಂದನ್ನು ಬಿಟ್ಟು. ಆದರೆ 2023ರ ನವೆಂಬರ್‌ನಿಂದ 2024ರ ಏಪ್ರಿಲ್‌ವರೆಗಿನ ಆ ಐದು ತಿಂಗಳಲ್ಲಿ, ಮೊಮ್ಮಗಳ ಎಣ್ಣೆ ನೀರಿನ ನಂತರ ನನ್ನ ಮನಸ್ಸನ್ನು ಹಿಡಿದು ಕೂರಿಸಿದ್ದು ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್. ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಗಲಿ. ನಾನು ಪಾಠ ಹೇಳುವುದು ಸಮಾಜ ವಿಜ್ಞಾನ. ಆಟದ ಪೀರಿಯಡ್ಡಿಗೂ ನನಗೂ ಅಂಥ ನೆಂಟಸ್ತಿಕೆಯೇನೂ ಇಲ್ಲ. ನನ್ನನ್ನು ಹಿಡಿದದ್ದು ಆಟಕ್ಕಿಂತ ಹೆಚ್ಚಾಗಿ ಒಂದು ಪಟ್ಟಿ. ಮೂವತ್ತು ವರ್ಷದಿಂದ ಮಕ್ಕಳಿಗೆ ಮೊದಲನೆಯವರು, ಎರಡನೆಯವರು ಎಂದು ರ‍್ಯಾಂಕ್ ಬರೆಯುತ್ತಾ ಬಂದವಳಿಗೆ ಪಟ್ಟಿ ಎಂದರೆ ಕಣ್ಣು ತಾನಾಗಿ ಹೋಗುತ್ತದೆ.

ಮಗಳ ಮನೆ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ. ಅಳಿಯ ಕೆಲಸಕ್ಕೆ ಹೋಗುವ ಊರು ಸ್ಪ್ರಿಂಗ್‌ಫೀಲ್ಡ್. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅಲ್ಲೇ. 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಏನಾದರೂ ಆಡಿಸಬೇಕಲ್ಲ ಎಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡೆಸಿದರು. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ನಾರ್ಥಾಂಪ್ಟನ್‌ನಲ್ಲಿ ಸ್ಮಿತ್ ಕಾಲೇಜು ಎಂಬ ಹೆಣ್ಣುಮಕ್ಕಳ ಕಾಲೇಜಿದೆ. ಅಲ್ಲಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಈ ಆಟದ ವಿಷಯ ಓದಿ, 1892ರಲ್ಲೇ ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದರು. ಮಾರನೇ ವರ್ಷ ಮಾರ್ಚ್‌ನಲ್ಲಿ ಎರಡು ತರಗತಿಗಳ ನಡುವೆ ಪಂದ್ಯವಾದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲವಂತೆ. ಹುಡುಗಿಯರು ಬಹಳ ದಣಿಯಬಾರದು ಎಂದು ಅಂಕಣವನ್ನು ಮೂರು ಭಾಗ ಮಾಡಿ, ಅವರವರ ಭಾಗದಲ್ಲೇ ಅವರವರು ಇರಬೇಕೆಂದು ಬೆರೆನ್ಸನ್ ನಿಯಮ ಮಾಡಿದ್ದರು. ಒಬ್ಬರ ಕೈಯಿಂದ ಇನ್ನೊಬ್ಬರು ಚೆಂಡು ಕಿತ್ತುಕೊಳ್ಳುವಂತಿರಲಿಲ್ಲ. ಅಡುಗೆಮನೆ, ನಡುಮನೆ, ಹಜಾರ ಎಂದು ಗೆರೆ ಎಳೆದ ಹಾಗೆ ಎಂದು ನನಗೆ ಅನ್ನಿಸಿತು. ಆದರೂ ಆಡಿದರಲ್ಲ, ಅದು ದೊಡ್ಡದು.

ಇದನ್ನೆಲ್ಲ ನನಗೆ ಹೇಳಿದವರು ಪಕ್ಕದ ಮನೆಯಾಕೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚಳಿಗಾಲ ಬಂತೆಂದರೆ ಕೈಯಲ್ಲಿ ಉಣ್ಣೆ, ಹೆಣಿಗೆ ಕಡ್ಡಿ ಹಿಡಿದು ಸ್ಮಿತ್ ಹುಡುಗಿಯರ ಪಂದ್ಯಕ್ಕೆ ಹೊರಡುತ್ತಾರೆ. "ನಿಮ್ಮ ತಾಯಿ ನಾಲ್ಕು ಗೋಡೆಯೊಳಗೆ ಎಷ್ಟು ದಿನ ಕೂತಿರುತ್ತಾರೆ, ನನ್ನ ಜೊತೆ ಕಳಿಸು" ಎಂದು ಮಗಳಿಗೆ ಹೇಳಿ ಒಂದು ಶನಿವಾರ ಕಾರಿನಲ್ಲಿ ಕರೆದುಕೊಂಡು ಹೋದರು. ಸೀರೆಯ ಮೇಲೆ ಅಳಿಯನ ದಪ್ಪ ಕೋಟು, ಕಾಲಿಗೆ ಮಗಳ ಬೂಟು. ನನ್ನ ವೇಷ ನೋಡಿ ಯಾರೂ ನಗಲಿಲ್ಲ, ಅದಕ್ಕೆ ಆ ಜನರನ್ನು ಮೆಚ್ಚಬೇಕು.

ಮೊದಲ ದಿನ ನನಗೆ ಕಂಡದ್ದು ಬರೀ ಓಟ ಮತ್ತು ಬೂಟಿನ ಕಿರ್ರ್ ಶಬ್ದ. ಎರಡನೇ ಸಲ ಚೆಂಡು ಯಾರ ಕೈಯಲ್ಲಿದೆ ಎಂದು ತಿಳಿಯಿತು. ಮೂರನೇ ಸಲದ ಹೊತ್ತಿಗೆ, ಚೆಂಡು ಇಲ್ಲದ ನಾಲ್ಕು ಹುಡುಗಿಯರು ಏನು ಮಾಡುತ್ತಿದ್ದಾರೆ ಎಂದು ನೋಡಲು ಕಲಿತೆ. ಅಲ್ಲಿಂದ ಮುಂದೆ ಈ ಆಟ ನನ್ನನ್ನು ಬಿಡಲಿಲ್ಲ. ಒಬ್ಬಳು ಸುಮ್ಮನೆ ಹೋಗಿ ಎದುರಾಳಿಯ ದಾರಿಗೆ ಕಂಬದ ಹಾಗೆ ನಿಲ್ಲುತ್ತಾಳೆ, ಡಿಕ್ಕಿ ಹೊಡೆಸಿಕೊಳ್ಳುತ್ತಾಳೆ. ಆ ಸಂದಿಯಲ್ಲಿ ಇನ್ನೊಬ್ಬಳು ನುಸುಳಿ ಬುಟ್ಟಿಗೆ ಹಾಕುತ್ತಾಳೆ. ಅಂಕ ಬರೆಯುವುದು ಹಾಕಿದವಳ ಹೆಸರಿಗೆ. ಕಂಬವಾಗಿ ನಿಂತವಳಿಗೆ ಯಾವ ಲೆಕ್ಕದಲ್ಲೂ ಜಾಗವಿಲ್ಲ. ಮದುವೆ ಮನೆಗಳಲ್ಲಿ ಹಿತ್ತಲಲ್ಲಿ ಕೂತು ತೆಂಗಿನಕಾಯಿ ತುರಿಯುವ ಚಿಕ್ಕಮ್ಮಂದಿರು ನೆನಪಾದರು.

ಈಗ ಪಟ್ಟಿಯ ವಿಷಯ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ದೊಡ್ಡ ಸಂಸ್ಥೆ ಎನ್.ಸಿ.ಎ.ಎ. ಅದು 1973ರಿಂದ ಕಾಲೇಜುಗಳನ್ನು ಮೂರು ವಿಭಾಗ ಮಾಡಿದೆ. ಟೀವಿಯಲ್ಲಿ ಬರುವುದು, ದುಡ್ಡು ಹರಿಯುವುದು ಮೊದಲನೇ ವಿಭಾಗದಲ್ಲಿ. ಸ್ಮಿತ್ ಇರುವುದು ಮೂರನೇ ವಿಭಾಗದಲ್ಲಿ. ಇಲ್ಲಿ ಆಟಕ್ಕಾಗಿ ಯಾರಿಗೂ ವಿದ್ಯಾರ್ಥಿವೇತನ ಕೊಡುವ ಹಾಗಿಲ್ಲ, ನಿಯಮವೇ ಹಾಗಿದೆ. ಬೆಳಿಗ್ಗೆ ಲ್ಯಾಬು, ಸಂಜೆ ಅಭ್ಯಾಸ, ರಾತ್ರಿ ಬಸ್ಸಿನಲ್ಲಿ ಕೂತು ನಾಳೆಯ ಪರೀಕ್ಷೆಗೆ ಓದು. ಇಂಥ ಮಹಿಳಾ ತಂಡಗಳು ದೇಶದಲ್ಲಿ ನಾನೂರಕ್ಕೂ ಹೆಚ್ಚಿವೆ. ಪ್ರತಿ ವಾರ ಇಪ್ಪತ್ತೈದು ಮಂದಿ ಬಲ್ಲವರು, ಅಂದರೆ ತರಬೇತುದಾರರು, ಕ್ರೀಡಾ ಅಧಿಕಾರಿಗಳು, ವರದಿಗಾರರು, ಒಬ್ಬೊಬ್ಬರೂ ತಮಗೆ ತೋಚಿದ ಇಪ್ಪತ್ತೈದು ತಂಡಗಳನ್ನು ಕ್ರಮವಾಗಿ ಬರೆದು ಕಳಿಸುತ್ತಾರೆ. ಮೊದಲನೆಯದಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೆ ಇಳಿಯುತ್ತಾ ಕೊನೆಯದಕ್ಕೆ 1. ಎಲ್ಲರೂ ಒಂದೇ ತಂಡವನ್ನು ಮೊದಲಿಟ್ಟರೆ ಆ ತಂಡಕ್ಕೆ 25 ಸಲ 25, ಅಂದರೆ 625. ಈ ಸಂಖ್ಯೆ ಕಂಡಾಗ ನಾನು ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಜೋರಾಗಿ ನಕ್ಕುಬಿಟ್ಟೆ. ನಮ್ಮ ಎಸ್.ಎಸ್.ಎಲ್.ಸಿ.ಯ ಒಟ್ಟು ಅಂಕವೂ ಆಗ 625 ತಾನೆ? ಏಳು ಸಮುದ್ರ ದಾಟಿ ಹೋದರೂ ಆ 625 ನನ್ನನ್ನು ಹುಡುಕಿಕೊಂಡು ಬಂದಿತ್ತು.

ಈ ಪಟ್ಟಿಯ ವಿಚಿತ್ರವೇನೆಂದರೆ ಅದರಿಂದ ಏನೂ ಸಿಗುವುದಿಲ್ಲ. ಮಾರ್ಚ್‌ನಲ್ಲಿ 64 ತಂಡಗಳ ರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತದೆ. ಅದಕ್ಕೆ ಆಯ್ಕೆಯಾಗಲು ತಮ್ಮ ತಮ್ಮ ಒಕ್ಕೂಟದಲ್ಲಿ ಗೆದ್ದಿರಬೇಕು, ಇಲ್ಲವೇ ಆಯ್ಕೆ ಸಮಿತಿಯವರ ಲೆಕ್ಕಾಚಾರದಲ್ಲಿ ಬರಬೇಕು. 2024–25ರಿಂದ ಅದಕ್ಕೊಂದು ಗಣಿತದ ಸೂತ್ರವನ್ನೇ ತಂದಿದ್ದಾರೆ. ವಾರದ ಪಟ್ಟಿಗೂ ಆ ಆಯ್ಕೆಗೂ ಸಂಬಂಧವಿಲ್ಲ. ಹಾಗಿದ್ದೂ ಪಟ್ಟಿ ಬರುವ ದಿನ ನಮ್ಮ ಪಕ್ಕದ ಮನೆಯಾಕೆ ಬೆಳಿಗ್ಗೆಯಿಂದ ಚಡಪಡಿಸುತ್ತಿದ್ದರು. ಒಂದು ಸ್ಥಾನ ಮೇಲೆ ಹೋದರೆ ಕೇಕ್ ಬರುತ್ತಿತ್ತು, ಕೆಳಗೆ ಬಂದರೆ ಆ ಇಪ್ಪತ್ತೈದು ಮಂದಿಗೂ ಬೈಗುಳ. ನಾನು ಒಮ್ಮೆ ಕೇಳಿದೆ, "ಕ್ಯಾಲಿಫೋರ್ನಿಯಾದ ತಂಡವನ್ನು ಇವರು ನೋಡಿಲ್ಲ, ಇವರನ್ನು ಅವರು ನೋಡಿಲ್ಲ. ಇಬ್ಬರೂ ಎದುರುಬದುರಾಗಿ ಆಡಿಯೇ ಇಲ್ಲ. ಹಾಗಿದ್ದ ಮೇಲೆ ಯಾರು ಹೆಚ್ಚು, ಯಾರು ಕಡಿಮೆ ಎಂದು ಹೇಳುವುದು ನ್ಯಾಯವೇ?" ಆಕೆ ಹೆಣಿಗೆ ನಿಲ್ಲಿಸದೆ ಅಂದರು: "ನ್ಯಾಯ ಅಲ್ಲ. ಅಂದಾಜು."

ಆ ಮಾತಿನ ಮೇಲೆ ಅವರು ಹೇಳಿದ್ದು 1972ರ ಕಥೆ. ಆಗ ಅವರೂ ಕಾಲೇಜು ಓದುತ್ತಿದ್ದರಂತೆ. ಫಿಲಡೆಲ್ಫಿಯಾ ಬಳಿ ಇಮ್ಮಾಕ್ಯುಲೇಟಾ ಎಂದು ಸನ್ಯಾಸಿನಿಯರು ನಡೆಸುತ್ತಿದ್ದ ಪುಟ್ಟ ಮಹಿಳಾ ಕಾಲೇಜು. ಇದ್ದ ಕ್ರೀಡಾಭವನ ಬೆಂಕಿಗೆ ಆಹುತಿಯಾಗಿತ್ತು. ಕ್ಯಾಥಿ ರಶ್ ಎಂಬ ಇಪ್ಪತ್ತರ ಹರೆಯದ ಹೆಣ್ಣುಮಗಳು ಅವರ ತರಬೇತುದಾರ್ತಿ. ಆ ವರ್ಷ ಮೊದಲ ಬಾರಿಗೆ ಕಾಲೇಜು ಮಹಿಳೆಯರಿಗೆ ಐದೈದು ಮಂದಿಯ, ಅಂಕಣದ ತುಂಬ ಓಡಾಡುವ ಆಟದಲ್ಲಿ ರಾಷ್ಟ್ರೀಯ ಪಂದ್ಯಾವಳಿ. ಇಲಿನಾಯ್‌ಗೆ ಹೋಗಬೇಕು, ದುಡ್ಡಿಲ್ಲ. ಹುಡುಗಿಯರು ಟೂತ್‌ಬ್ರಷ್ ಮಾರಿ ಹಣ ಕೂಡಿಸಿದರು. ಕೂಡಿದ್ದು ಎಂಟು ಆಟಗಾರ್ತಿಯರ ಪ್ರಯಾಣಕ್ಕಾಗುವಷ್ಟು, ಉಳಿದವರು ಮನೆಯಲ್ಲೇ. ಹದಿನಾರು ತಂಡಗಳಲ್ಲಿ ಇವರಿಗೆ ಕೊಟ್ಟಿದ್ದ ಸ್ಥಾನ ಹದಿನೈದು. ಕೊಟ್ಟವರನ್ನು ಬೈಯುವ ಹಾಗೂ ಇಲ್ಲ, ಯಾಕೆಂದರೆ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ನೆರೆಯ ವೆಸ್ಟ್ ಚೆಸ್ಟರ್ ಕಾಲೇಜಿನ ಎದುರು 32 ಅಂಕಗಳಿಂದ ಸೋತು ಬಂದಿದ್ದರು. ಫೈನಲ್ಲಿನಲ್ಲಿ ಎದುರಾದದ್ದು ಅದೇ ವೆಸ್ಟ್ ಚೆಸ್ಟರ್. ಈ ಸಲ 52–48. ಹದಿನೈದನೆಯವರು ಮೊದಲನೆಯವರಾದರು. ಮುಂದಿನ ಎರಡು ವರ್ಷವೂ ಅವರೇ ಗೆದ್ದರು. 2014ರಲ್ಲಿ ಇಡೀ ತಂಡವನ್ನು ಸ್ಪ್ರಿಂಗ್‌ಫೀಲ್ಡಿನ ಕೀರ್ತಿ ಭವನಕ್ಕೆ ಸೇರಿಸಿದ್ದಾರೆ.

ಅಂದಾಜಿಗೂ ತೀರ್ಪಿಗೂ ಇರುವ ವ್ಯತ್ಯಾಸ ನನಗೆ ಬಿಡಿಸಿ ಕಂಡದ್ದು ಈ ಕಥೆಯಲ್ಲಿ. ಹದಿನೈದು ಎಂದು ಬರೆದವರು ತಪ್ಪು ಬರೆದರು, ಸರಿ. ಆದರೆ ಬರೆದ ಮೇಲೆ ಅವರು ಆ ಹುಡುಗಿಯರನ್ನು ಅಂಕಣಕ್ಕೆ ಇಳಿಸಿದರು. ಪಟ್ಟಿ ಮೊದಲು, ಆಟ ಆಮೇಲೆ. ಆಟ ಪಟ್ಟಿಯನ್ನು ತಿದ್ದಿತು. ವಾರವಾರವೂ ಅಲ್ಲಿ ಹೀಗೇ ಆಗುತ್ತದೆ. ಇಂದು ಹನ್ನೆರಡನೆಯ ತಂಡ ಎನ್ನುತ್ತಾರೆ, ಬುಧವಾರ ಅದು ಎಲ್ಲೋ ಹೆಸರಿಲ್ಲದವರ ಹತ್ತಿರ ಸೋಲುತ್ತದೆ, ಮುಂದಿನ ವಾರ ಪಟ್ಟಿ ತಲೆತಗ್ಗಿಸಿಕೊಂಡು ಬೇರೆ ಬರೆಯುತ್ತದೆ. ನಾವು ಮೇಷ್ಟ್ರುಗಳು ಹಾಕುವ ಪಟ್ಟಿಯಲ್ಲಿ ಕ್ರಮ ತಿರುಗುಮುರುಗು. ಆಟ ಮೊದಲು, ಪಟ್ಟಿ ಕೊನೆಗೆ. ಅದಾದ ಮೇಲೆ ಆಟವಿಲ್ಲ. ಹದಿನಾರು ವರ್ಷದ ಹುಡುಗಿಗೆ ಒಂದು ಸಂಖ್ಯೆ ಕೊಟ್ಟು ಗೇಟು ಹಾಕಿಕೊಳ್ಳುತ್ತೇವೆ. ಅವಳು ಆ ಸಂಖ್ಯೆಯನ್ನು ಹೊತ್ತುಕೊಂಡೇ ಪಿ.ಯು.ಸಿ.ಗೆ, ಗಂಡಿನ ಮನೆಗೆ, ಅಲ್ಲಿಂದ ತನ್ನ ಮಕ್ಕಳವರೆಗೂ ಹೋಗುತ್ತಾಳೆ.

ಹಾಗೆಂದು ಪಟ್ಟಿಯೇ ಪಾಪದ್ದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾಲೇಜು ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ಗೆ ವಾರದ ಪಟ್ಟಿ ಶುರುವಾದದ್ದು 1976ರ ನವೆಂಬರ್‌ನಲ್ಲಿ. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಮೆಲ್ ಗ್ರೀನ್‌ಬರ್ಗ್ ದೇಶದ ಉದ್ದಗಲಕ್ಕೂ ತರಬೇತುದಾರರಿಗೆ ಫೋನ್ ಮಾಡಿ, ಮತ ಕೇಳಿ, ಕೈಯಲ್ಲೇ ಕೂಡಿ ಬರೆದರು. ಮೊದಲ ಪಟ್ಟಿಯ ತುದಿಯಲ್ಲಿ ಬಂದದ್ದು ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ಎಂಬ ಹತ್ತಿ ಹೊಲಗಳ ನಡುವಿನ ಕಾಲೇಜು. ಅಲ್ಲಿ 1930ರ ದಶಕದ ಆರಂಭದಲ್ಲಿ, ಹೆಣ್ಣುಮಕ್ಕಳಿಗೆ ಇಷ್ಟು ಶ್ರಮ ಸಲ್ಲದು ಎಂದು ತಂಡವನ್ನೇ ಮುಚ್ಚಿಬಿಟ್ಟಿದ್ದರು. ಆಡುತ್ತಿದ್ದ ಹುಡುಗಿಯರು ಅತ್ತು, ತಮ್ಮ ಆಟದ ಬಟ್ಟೆಗಳನ್ನು ಸುಟ್ಟರಂತೆ. ಅವರಲ್ಲೊಬ್ಬಳಾದ ಮಾರ್ಗರೆಟ್ ವೇಡ್ ನಲವತ್ತು ವರ್ಷದ ಮೇಲೆ, 1973ರಲ್ಲಿ, ಮತ್ತೆ ಶುರುವಾದ ತಂಡಕ್ಕೆ ತರಬೇತುದಾರ್ತಿಯಾಗಿ ಬಂದು, 1975ರಿಂದ ಮೂರು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು. ಪತ್ರಿಕೆಯಲ್ಲಿ ಒಂದು ಪಟ್ಟಿ ಅಚ್ಚಾಗದಿದ್ದರೆ ಡೆಲ್ಟಾ ಸ್ಟೇಟ್ ಎಂಬುದೊಂದಿದೆ ಎಂದು ಎಷ್ಟು ಜನಕ್ಕೆ ತಿಳಿಯುತ್ತಿತ್ತು? ಯಾರೂ ತಿರುಗಿ ನೋಡದಿದ್ದ ಕಡೆ ಬೆಟ್ಟು ಮಾಡಿ ತೋರಿಸಿದ್ದೂ ಪಟ್ಟಿಯೇ. ನಮ್ಮಲ್ಲೂ ಹಾಗೆ. ಬೀಡಿ ಕಟ್ಟುವವರ ಮನೆಯ ಹುಡುಗಿಗೆ ರ‍್ಯಾಂಕ್ ಬಂದಿದ್ದರಿಂದ ಪಿ.ಯು. ಸೀಟು, ಹಾಸ್ಟೆಲ್ಲು ಎರಡೂ ಬಿಟ್ಟಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಆ ಡೆಲ್ಟಾ ಸ್ಟೇಟ್ ತಂಡದ ಜೀವಾಳ ಲೂಸಿಯಾ ಹ್ಯಾರಿಸ್ ಎಂಬ ಆರಡಿ ಮೂರಂಗುಲದ ಕಪ್ಪು ಹುಡುಗಿ, ಗೇಣಿದಾರರ ಮಗಳು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಸೇರಿದಾಗ, ಚರಿತ್ರೆಯ ಮೊದಲ ಅಂಕ ಗಳಿಸಿದವಳು ಅವಳೇ. ಮಾರನೇ ವರ್ಷ ಗಂಡಸರ ವೃತ್ತಿಪರ ತಂಡವೊಂದು ಅವಳ ಹೆಸರನ್ನು ಆಯ್ಕೆ ಮಾಡಿತು. ಗರ್ಭಿಣಿಯಾಗಿದ್ದ ಆಕೆ ಹೋಗಲಿಲ್ಲ. ಮುಂದೆ ತಾನು ಓದಿದ ಹೈಸ್ಕೂಲಿನಲ್ಲೇ ಮೇಡಮ್ಮಾಗಿ, ಕೋಚ್ ಆಗಿ ದುಡಿದು, 2022ರ ಜನವರಿಯಲ್ಲಿ ತೀರಿಕೊಂಡರು. ದೇಶಕ್ಕೇ ಮೊದಲನೆಯವಳಾದವಳು ಮೂರನೇ ಪೀರಿಯಡ್ಡಿಗೆ ಹಾಜರಿ ಕರೆಯುತ್ತಿದ್ದ ದೃಶ್ಯ ಕಲ್ಪಿಸಿಕೊಂಡರೆ ನನಗೇನೋ ಸಂತೋಷವೇ. ಅದನ್ನು ದುರಂತ ಎನ್ನುವವರು ಶಾಲೆಯಲ್ಲಿ ಕೆಲಸ ಮಾಡಿಲ್ಲ.

2024ರ ಮಾರ್ಚ್‌ನಲ್ಲಿ ಸ್ಮಿತ್ ಹುಡುಗಿಯರು ಐದು ಪಂದ್ಯ ಗೆದ್ದು ಫೈನಲ್ ಮುಟ್ಟಿದರು. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ, ಮಾರ್ಚ್ 16ರಂದು, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಎದುರು. ನ್ಯೂಯಾರ್ಕಿನವರು ಆ ವರ್ಷ ಒಂದೂ ಸೋಲು ಕಂಡಿರಲಿಲ್ಲ. ಪಕ್ಕದ ಮನೆಯಾಕೆ ನಮ್ಮ ಮನೆಗೇ ಬಂದರು. ನಾನು ಚಕ್ಕುಲಿ ಕರಿದಿಟ್ಟಿದ್ದೆ, ಅವರು ಸೇಬಿನ ಕಡುಬಿನಂಥದೇನೋ ತಂದಿದ್ದರು. 51–41ಕ್ಕೆ ಸ್ಮಿತ್ ಸೋತಿತು. ನನಗೆ ಗಂಟಲು ಕಟ್ಟಿತು, ಸಂಕೋಚವಿಲ್ಲದೆ ಹೇಳುತ್ತೇನೆ. ಆಕೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರಮೂವತ್ತು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಹುಡುಗಿಯರಿಗೆ ತಮ್ಮ ಗೆರೆ ದಾಟಿ ಓಡುವ ಹಾಗಿರಲಿಲ್ಲ" ಎಂದು ಚಕ್ಕುಲಿ ಮುರಿದರು.

ನಾನು ಊರಿಗೆ ಮರಳಿ ಬಂದ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತು. ನಮ್ಮ ಶಾಲೆಯ ಕಾಂಪೌಂಡಿಗೆ ಎಂದಿನಂತೆ ದೊಡ್ಡ ಫ್ಲೆಕ್ಸ್ ಬೋರ್ಡು, ಮೇಲೆ ಆಡಳಿತ ಮಂಡಳಿಯವರ ಕೈಮುಗಿದ ಚಿತ್ರ, ಕೆಳಗೆ ಹತ್ತು ಮಕ್ಕಳ ಫೋಟೋ, ಅಂಕದ ಕ್ರಮದಲ್ಲಿ. ಹತ್ತನೆಯವನಿಗೆ 589. ನನ್ನ ತರಗತಿಯ ಒಬ್ಬ ಹುಡುಗಿಗೆ 571 ಬಂದಿತ್ತು. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳುವ ಜಾತಿಯವಳು. ಡಾಕ್ಟರೋ ವಿಜ್ಞಾನಿಯೋ ಆಗುತ್ತೇನೆಂದು ಎಂಟನೇ ಕ್ಲಾಸಿನಿಂದ ಹೇಳಿಕೊಂಡು ಬಂದಿದ್ದಳು. ಜೂನ್‌ನಲ್ಲಿ ಗೊತ್ತಾಯಿತು, ಅವಳನ್ನು ಆರ್ಟ್ಸ್‌ಗೆ ಸೇರಿಸಿದ್ದಾರೆ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಹೋಗಿ ಕೇಳಿದೆ.

"ಮೇಡಂ, ನಾನೂ ಹೋಗಿ ಬೋರ್ಡು ನೋಡ್ದೆ. ಹತ್ತು ಜನದಲ್ಲೂ ಅವಳ ಫೋಟೋ ಇಲ್ಲ. ಮೊದಲ್ನೇ ಹತ್ರಲ್ಲೂ ಬರದವಳಿಗೆ ಸೈನ್ಸ್ ಕೊಡಿಸಿ, ಟ್ಯೂಷನ್ನಿಗೆ ಸಾಲ ಮಾಡಿ, ಆಮೇಲೆ ಅಲ್ಲಿ ಫೇಲಾದ್ರೆ?"

"571 ಅಂದ್ರೆ ನೂರಕ್ಕೆ ತೊಂಬತ್ತೊಂದು ಕಣ್ರೀ. ಅವಳೇನು ಸಾಮಾನ್ಯವಾಗಿ ಓದಿದ್ದಾಳಾ?"

"ಇರ್ಬಹುದು ಮೇಡಂ. ಆದ್ರೆ ನೀವೇ ಹಾಕ್ಲಿಲ್ವಲ್ಲ."

ಆ ಕೊನೆಯ ಮಾತಿಗೆ ಉತ್ತರ ಹೇಳಲು ಅಮೆರಿಕದ ಯಾವ ಕಥೆಯೂ ನೆರವಿಗೆ ಬರಲಿಲ್ಲ. ಆತ ಕೆಟ್ಟ ತಂದೆಯಲ್ಲ. ಸಾಲ ಮಾಡುವ ಮುಂಚೆ ಬಲ್ಲವರ ಮಾತು ನೋಡುತ್ತಾನೆ, ನಮ್ಮ ಬೋರ್ಡು ಅವನ ಪಾಲಿಗೆ ಬಲ್ಲವರ ಮಾತು. ಅವಳು ಈಗ ಇತಿಹಾಸ, ಅರ್ಥಶಾಸ್ತ್ರ ಚೆನ್ನಾಗಿಯೇ ಓದಿದ್ದಾಳೆ, ನನ್ನ ವಿಷಯವೇ ಆದ್ದರಿಂದ ಅದು ಕಡಿಮೆಯೆಂದು ನಾನಂತೂ ಹೇಳಲಾರೆ. ಆದರೆ ಅವಳು ಅದನ್ನು ಆರಿಸಿಕೊಂಡದ್ದಲ್ಲ.

ಸ್ಟಾಫ್ ಮೀಟಿಂಗಿನಲ್ಲಿ ನಾನು ವಿಷಯ ಎತ್ತಿದೆ. ಪಾಸಾದ ಎಲ್ಲರ ಹೆಸರನ್ನೂ ಅಕ್ಷರಾನುಕ್ರಮದಲ್ಲಿ ಹಾಕೋಣ, ಅಂಕ ಬೇಡ ಎಂದೆ. ಮುಖ್ಯೋಪಾಧ್ಯಾಯರು, "ಮೇಡಂ, ಪಕ್ಕದ ಶಾಲೆಯವರು ಎರಡು ಬೋರ್ಡು ಹಾಕಿದ್ದಾರೆ. ಅಡ್ಮಿಷನ್ ಆಗದಿದ್ದರೆ ನಿಮ್ಮ ನಮ್ಮ ಸಂಬಳ ಎಲ್ಲಿಂದ?" ಎಂದರು. ಸುಳ್ಳಲ್ಲ. ಗಣಿತದ ಮೇಷ್ಟ್ರು, ವಯಸ್ಸಿನಲ್ಲಿ ನನ್ನ ಮಗನಂಥವರು, "ಗೆದ್ದವರಿಗೆ ಹೆಸರು ಬೇಡವಾದರೆ ಓದುವುದು ಯಾಕೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮೂರನೇ ವಿಭಾಗದ ಹುಡುಗಿಯರು ನನಗೆ ನೆನಪಾದದ್ದು ಆಗಲೇ. ಅವರಿಗೂ ಗೆಲ್ಲುವ ಆಸೆಯಿದೆ, ಹೆಸರು ಬರಲೆಂಬ ಆಸೆಯಿದೆ. ಆದರೆ ಆ ಹೆಸರಿಗೆ ಸೀಟನ್ನಾಗಲಿ ಊಟವನ್ನಾಗಲಿ ಯಾರೂ ಗಂಟು ಹಾಕಿಲ್ಲ. ಆದ್ದರಿಂದ ಇಪ್ಪತ್ತಾರನೆಯ ತಂಡದ ಹುಡುಗಿ ನಾಳೆ ಬೆಳಿಗ್ಗೆ ಲ್ಯಾಬಿಗೆ ಹೋಗುವುದನ್ನು ಪಟ್ಟಿ ತಡೆಯಲಾರದು. ನಮ್ಮ ಹನ್ನೊಂದನೆಯವಳನ್ನು ತಡೆಯಿತು. ಗೆದ್ದವರಿಗೆ ಹೂವಿನ ಹಾರ ಹಾಕಿ, ಬೇಡವೆನ್ನುವುದಿಲ್ಲ. ಹಾರದ ಜೊತೆ ಉಳಿದವರಿಗೆ ಬೀಗ ಹಾಕಬೇಡಿ ಎಂದೆ. ಆ ವರ್ಷ ಸರ್ಕಾರವೇ ಮೂರು ಪರೀಕ್ಷೆ ಮಾಡಿತು. 2024ರಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು. ಮೊದಲನೆಯದರಲ್ಲಿ ಬಂದದ್ದು ಸಾಲದೆಂದರೆ ಮತ್ತೆ ಕೂರಬಹುದು, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬಹುದು. ಅಂಕಣಕ್ಕೆ ಮತ್ತೆ ಇಳಿಯಲು ಬಾಗಿಲು ತೆರೆದ ಹಾಗಾಯಿತು. ನಮ್ಮ ಬೋರ್ಡು ಮಾತ್ರ ಮೊದಲ ಪರೀಕ್ಷೆಯ ಮಾರನೇ ದಿನವೇ ಏರಿ, ಬಣ್ಣ ಮಾಸುವವರೆಗೂ ಇಳಿಯುವುದಿಲ್ಲ.

2025ರ ಮಾರ್ಚ್‌ನಲ್ಲಿ ಮತ್ತೆ ಅದೇ ಎರಡು ತಂಡ ಫೈನಲ್ಲಿಗೆ ಬಂದವು, ಈ ಸಲ ವರ್ಜೀನಿಯಾದ ಸೇಲಂ ಎಂಬಲ್ಲಿ. ನ್ಯೂಯಾರ್ಕಿನವರು ಮತ್ತೆ ಒಂದೂ ಸೋಲದೆ ಗೆದ್ದರು. ಸ್ಮಿತ್ ಈ ಬಾರಿ ಬಹಳ ಹಿಂದೆ ಬಿತ್ತು. ಪಕ್ಕದ ಮನೆಯಾಕೆ ಮಗಳ ಫೋನಿನಿಂದ ಮಾತಾಡಿದರು. ಬೇಸರವಾಯಿತೇ ಎಂದು ಕೇಳಿದ್ದಕ್ಕೆ, ಆಯಿತು ಎಂದರು. ಆಮೇಲೆ ಓದು ಮುಗಿಸಿ ಹೊರಡುವ ಹುಡುಗಿಯರಿಗೆ ಒಂದೊಂದು ಜೊತೆ ಉಣ್ಣೆಯ ಕೈಗವುಸು ಹೆಣೆಯುತ್ತಿದ್ದೇನೆ, ಆಡಿದವರಿಗೂ ಬೆಂಚಿನ ಮೇಲೆ ಕೂತಿದ್ದವರಿಗೂ ಎಂದು ಹೇಳಿ, ಮೊಮ್ಮಗಳು ಹೆಜ್ಜೆ ಹಾಕುವುದನ್ನು ವರ್ಣಿಸತೊಡಗಿದರು.

ಆ ಮೇ ತಿಂಗಳಲ್ಲಿ ನಮ್ಮ ಶಾಲೆಯ ಬೋರ್ಡು ಮತ್ತೆ ಏರಿತು. ಹತ್ತು ಫೋಟೋ, ಅಂಕದ ಕ್ರಮದಲ್ಲಿ. ಬೋರ್ಡಿನ ಅಂಗಡಿಯವನು ಚದರಡಿ ಲೆಕ್ಕದಲ್ಲಿ ದುಡ್ಡು ಕೇಳುತ್ತಾನೆ, ಜಾಗವಿಲ್ಲ ಎನ್ನುತ್ತಲೇ ಮುಖ್ಯೋಪಾಧ್ಯಾಯರು ಆಡಳಿತ ಮಂಡಳಿಯವರ ಚಿತ್ರವನ್ನು ಒಂದಿಷ್ಟು ಚಿಕ್ಕದು ಮಾಡಿಸಿ, ಕೆಳಗೆ ಪಾಸಾದ ಎಂಬತ್ತಮೂರು ಮಕ್ಕಳ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಸೇರಿಸಿದರು. ಅಚ್ಚಿಗೆ ಹೋಗುವ ಮುಂಚೆ ಹೆಸರುಗಳನ್ನು ತಿದ್ದಿ ಕೊಡಿ ಎಂದು ನನ್ನ ಕೈಗೆ ಕಾಗದ ಕೊಟ್ಟರು. ನಾಲ್ಕು ಹೆಸರುಗಳಲ್ಲಿ ಒತ್ತಕ್ಷರ ತಪ್ಪಿತ್ತು, ಒಬ್ಬಳ ಇನಿಷಿಯಲ್ ಬಿಟ್ಟುಹೋಗಿತ್ತು. ಕೆಂಪು ಪೆನ್ನಿನಲ್ಲಿ ಸರಿಮಾಡಿ ಕಳಿಸಿದೆ.